ಯಹೂದಿಗಳಿಗೂ ಒಂದು ಅಧಿಕಮಾಸ ಉಂಟು

2025ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಆಫೀಸಿನಲ್ಲಿ ರಜೆಯ ಪಟ್ಟಿ ಹಾಕುತ್ತಿದ್ದೆವು. ಬೆಂಗಳೂರಿನ ತಂಡಕ್ಕೆ ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ. ನಮ್ಮ ಜೊತೆ ಕೆಲಸ ಮಾಡುವ ಇಸ್ರೇಲಿನ ಟೆಲ್ ಅವೀವ್ ತಂಡದ ಸಾಲಿನಲ್ಲೂ ಅದೇ ಎರಡು ದಿನಕ್ಕೆ ಕೆಂಪು ಬಣ್ಣ. ಹೊಸದಾಗಿ ಸೇರಿದ ಹುಡುಗಿ ಕೇಳಿದಳು: "ಸರ್, ಅವರಿಗೂ ದಸರಾನಾ?"

ಎಲ್ಲರೂ ನಕ್ಕೆವು. ಆದರೆ ಹಿಂದಿನ ವರ್ಷದ ಪಟ್ಟಿ ತೆಗೆದು ನೋಡಿದರೆ ಅಲ್ಲೂ ಹಾಗೇ ಇತ್ತು. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12. ಯಹೂದಿಗಳ ಉಪವಾಸದ ದಿನ ಯೋಮ್ ಕಿಪ್ಪುರ್ ಕೂಡ ಅಕ್ಟೋಬರ್ 12. ಅದಕ್ಕೂ ಹಿಂದಿನ ವರ್ಷ ಮಾತ್ರ ತಾಳೆಯಾಗಲಿಲ್ಲ. 2023ರಲ್ಲಿ ಅವರದ್ದು ಸೆಪ್ಟೆಂಬರ್ 25, ನಮ್ಮದು ಅಕ್ಟೋಬರ್ 24. ಮುಂದೆ 2026ಕ್ಕೆ ನೋಡಿದರೂ ಅಷ್ಟೇ ಅಂತರ: ಅವರದ್ದು ಸೆಪ್ಟೆಂಬರ್ 21, ನಮ್ಮದು ಅಕ್ಟೋಬರ್ 20ರ ಸುಮಾರಿಗೆ.

ಬಂದರೆ ಒಂದೇ ದಿನ, ತಪ್ಪಿದರೆ ಹತ್ತಿರ ಹತ್ತಿರ ಒಂದು ತಿಂಗಳು. ಇಂಥದ್ದು ಸುಮ್ನೆ ಆಗುವುದಿಲ್ಲ. ಇದರ ಹಿಂದೆ ಒಂದು ಲೆಕ್ಕ ಇದೆ. ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇಟ್ಟುಕೊಂಡವರಿಗೆ ಆ ಲೆಕ್ಕ ಅರ್ಧ ಗೊತ್ತೇ ಇದೆ. ಉಳಿದ ಅರ್ಧ ತಿಳಿದರೆ ಯೋಮ್ ಕಿಪ್ಪುರ್, ಪಾಸೋವರ್, ಹನುಕ್ಕಾ ಅಂತ ಸುದ್ದಿಯಲ್ಲಿ ಬರುವ ಹೆಸರುಗಳಿಗೆಲ್ಲ ಒಂದು ಜಾಗ ಸಿಗುತ್ತದೆ.

ಯಾರು ಇವರು, ಯಾವ ಪುಸ್ತಕ

ಜಗತ್ತಿನಲ್ಲಿ ಯಹೂದಿಗಳು ಇರುವುದು ಒಂದೂವರೆ ಕೋಟಿಗಿಂತ ಸ್ವಲ್ಪ ಜಾಸ್ತಿ. ಕರ್ನಾಟಕದ ಜನಸಂಖ್ಯೆಯ ಕಾಲು ಭಾಗ ಅಂದುಕೊಳ್ಳಿ. ಹೆಚ್ಚಿನವರು ಇಸ್ರೇಲ್ ಮತ್ತು ಅಮೆರಿಕದಲ್ಲಿದ್ದಾರೆ. ಅವರ ಮೂಲ ಗ್ರಂಥ ತೋರಾ, ಮೋಶೆಯ ಐದು ಪುಸ್ತಕಗಳು. ಕ್ರೈಸ್ತರ ಹಳೆಯ ಒಡಂಬಡಿಕೆ ಶುರುವಾಗುವುದೂ ಈ ಐದು ಪುಸ್ತಕಗಳಿಂದಲೇ. ಹಾಗಾಗಿ ಕನ್ನಡ ಬೈಬಲ್ ಓದಿದವರಿಗೆ ಪಸ್ಕ (ಅಂದರೆ ಪಾಸೋವರ್ ಹಬ್ಬ), ಸಬ್ಬತ್ (ವಾರದ ಬಿಡುವಿನ ದಿನ) ಅನ್ನುವ ಮಾತುಗಳು ಹೊಸದಲ್ಲ.

ತೋರಾ ಎಷ್ಟೋ ಕಡೆ ಚುಟುಕಾಗಿ ಹೇಳಿಬಿಡುತ್ತದೆ. ಏಳನೇ ದಿನ ಕೆಲಸ ಮಾಡಬೇಡ ಅನ್ನುತ್ತದೆ. ಕೆಲಸ ಅಂದರೆ ಯಾವುದು? ದೀಪ ಹಚ್ಚುವುದು ಕೆಲಸವಾ? ಗಂಟು ಹಾಕುವುದು? ಈ ಪ್ರಶ್ನೆಗಳನ್ನು ಹಿಡಿದು ತಲೆಮಾರುಗಟ್ಟಲೆ ಚರ್ಚೆ ಮಾಡಿದವರು ರಬ್ಬಿಗಳು, ಅಂದರೆ ಗುರುಗಳು. ಬಾಯಿಂದ ಬಾಯಿಗೆ ಬಂದ ಆ ಚರ್ಚೆ ಕ್ರಿ.ಶ. 200ರ ಸುಮಾರಿಗೆ ಮಿಶ್ನಾ ಎಂಬ ಗ್ರಂಥವಾಯಿತು. ಅದರ ಮೇಲಿನ ಇನ್ನೂ ದೊಡ್ಡ ಚರ್ಚೆ ತಾಲ್ಮುದ್. ಅದರಲ್ಲಿ ಒಪ್ಪಿದ ಮಾತಿನ ಪಕ್ಕದಲ್ಲೇ ಒಪ್ಪದ ಮಾತನ್ನೂ ಉಳಿಸಿಕೊಂಡಿದ್ದಾರೆ.

ಇನ್ನೊಂದು ವಿಷಯ ಗೊತ್ತಿರಬೇಕು. ಯಹೂದಿಗಳಿಗೆ ಜೆರುಸಲೇಮಿನಲ್ಲಿ ಒಂದೇ ಒಂದು ಮುಖ್ಯ ದೇವಾಲಯ ಇತ್ತು. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಅದನ್ನು ಕೆಡವಿದರು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನ್ನರು ನೆಲಸಮ ಮಾಡಿದರು. ಆಮೇಲೆ ಬಲಿ ಇಲ್ಲ, ದೇವಾಲಯದ ಪೂಜಾರಿಗಳ ಕೆಲಸ ಇಲ್ಲ. ಹಬ್ಬಗಳೆಲ್ಲ ಮನೆಯ ಊಟದ ಮೇಜಿಗೆ ಮತ್ತು ಊರೂರಿನ ಪ್ರಾರ್ಥನಾ ಮಂದಿರಕ್ಕೆ, ಅಂದರೆ ಸಿನಗಾಗ್‌ಗೆ ಬಂದವು. ಜನ ಎಲ್ಲೆಲ್ಲಿಗೆ ಚದುರಿದರೋ ಅಲ್ಲಿಗೆಲ್ಲ ಪಂಚಾಂಗವೂ ಜೊತೆಗೆ ಹೋಯಿತು.

ದಿನ ಶುರುವಾಗುವುದು ಸಂಜೆಗೆ

ನಮ್ಮ ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ. ಗೋಡೆ ಗಡಿಯಾರದ ದಿನ ಶುರುವಾಗುವುದು ನಡುರಾತ್ರಿಗೆ. ಯಹೂದಿಗಳ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಸೃಷ್ಟಿಯ ಕತೆ ಹೇಳುವ ಆದಿಕಾಂಡದಲ್ಲಿ ಸಂಜೆಯಾಯಿತು, ಬೆಳಗಾಯಿತು, ಅದು ಒಂದು ದಿನ ಎಂದು ಬರುತ್ತದೆ. ಸಂಜೆ ಮೊದಲು ಬಂದಿದೆ, ಆದ್ದರಿಂದ ದಿನಕ್ಕೆ ಸಂಜೆಯೇ ಮೊದಲು.

ಮೊಬೈಲಿನಲ್ಲಿ ಯಾವುದೇ ಯಹೂದಿ ಹಬ್ಬದ ದಿನಾಂಕ ಹುಡುಕಿದರೂ ಎರಡು ತಾರೀಕು ಕಾಣುವುದು ಇದಕ್ಕೇ. 2025ರ ಯೋಮ್ ಕಿಪ್ಪುರ್ ಅಕ್ಟೋಬರ್ 1ರ ಸಂಜೆ ಶುರುವಾಗಿ 2ರ ಕತ್ತಲಿಗೆ ಮುಗಿಯಿತು. ಅವರಿಗೆ ಅದು ಒಂದೇ ದಿನ. ನಮ್ಮ ಪಟ್ಟಿಯಲ್ಲಿ ಎರಡು ಚೌಕ ಕೆಂಪಾಯಿತು.

ವಾರದಲ್ಲಿ ಹೆಸರಿರುವುದು ಒಂದೇ ದಿನಕ್ಕೆ

ನಮ್ಮ ವಾರಗಳ ಹೆಸರು ಗ್ರಹಗಳದ್ದು. ರವಿ, ಸೋಮ, ಮಂಗಳ, ಬುಧ. ಹೀಬ್ರೂ ಭಾಷೆಯಲ್ಲಿ ಭಾನುವಾರಕ್ಕೆ 'ಮೊದಲನೇ ದಿನ' ಅನ್ನುತ್ತಾರೆ. ಸೋಮವಾರ ಎರಡನೇ ದಿನ. ಹೀಗೇ ಶುಕ್ರವಾರದವರೆಗೆ ಬರೀ ಎಣಿಕೆ. ಏಳನೆಯದಕ್ಕೆ ಮಾತ್ರ ಸ್ವಂತ ಹೆಸರು: ಶಬ್ಬಾತ್. ಹಾಗೆಂದರೆ ನಿಲ್ಲಿಸುವುದು, ಬಿಡುವು. ಇಸ್ರೇಲಿನಲ್ಲಿ ಸಾಮಾನ್ಯವಾಗಿ ಭಾನುವಾರದಿಂದ ಗುರುವಾರ ಕೆಲಸ. ನಮ್ಮ ಭಾನುವಾರ ಬೆಳಿಗ್ಗೆ ದೋಸೆ ತಿನ್ನುವಾಗ ಅಲ್ಲಿಂದ ಮೆಸೇಜು ಬರುವುದು ಇದಕ್ಕೇ. ಸಿಟ್ಟು ಬರುತ್ತದೆ, ನಿಜ. ಆದರೆ ನಾವೂ ಶುಕ್ರವಾರ ಸಂಜೆ ಅವರಿಗೆ ಫೋನ್ ಮಾಡುತ್ತೇವಲ್ಲ.

ಕೆಲಸದ ಮೇಲೆ ಒಂದು ಸಲ ಜೆರುಸಲೇಮಿಗೆ ಹೋಗಿದ್ದೆ. ಶುಕ್ರವಾರ ಮಧ್ಯಾಹ್ನ ಮಹಾನೆ ಯೆಹುದಾ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ. ಗೌರಿ ಹಬ್ಬದ ಹಿಂದಿನ ದಿನದ ಕೆ.ಆರ್. ಮಾರ್ಕೆಟ್ ಥರ. ಎಲ್ಲರ ಕೈಯಲ್ಲೂ ಹಲ್ಲಾ. ಅದು ಜಡೆ ಹೆಣೆದ ಹಾಗೆ ಹೆಣೆದ ಬ್ರೆಡ್ಡು. ಸಂಜೆಯಾಗುತ್ತಿದ್ದ ಹಾಗೆ ಅಂಗಡಿಯ ಶಟರು ಒಂದೊಂದಾಗಿ ಇಳಿದವು. ಸೂರ್ಯ ಮುಳುಗಲು ಇನ್ನೂ ಹೊತ್ತಿರುವಾಗಲೇ ಊರಿಡೀ ಕೇಳುವ ಹಾಗೆ ಸೈರನ್ ಕೂಗಿತು. ದೀಪ ಹಚ್ಚುವ ಹೊತ್ತಾಯಿತು ಅನ್ನುವ ಸೂಚನೆ. ಅರ್ಧ ಗಂಟೆಯಲ್ಲಿ ಬಸ್ಸು ಇಲ್ಲ, ಹಾರ್ನ್ ಇಲ್ಲ.

ಮನೆಯಲ್ಲಿ ದೀಪ ಹಚ್ಚುವುದು ಸಾಮಾನ್ಯವಾಗಿ ಹೆಂಗಸರು. ಕನಿಷ್ಠ ಎರಡು ದೀಪ, ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ. ಜೆರುಸಲೇಮಿನಲ್ಲಿ ಮಾತ್ರ 40 ನಿಮಿಷ ಮುಂಚೆ. ಸೂರ್ಯ ಮುಳುಗಿದ ಮೇಲೆ ಬೆಂಕಿ ಮುಟ್ಟುವ ಹಾಗಿಲ್ಲ, ಅದಕ್ಕೇ ಈ ಮುಂಜಾಗ್ರತೆ. ಆಮೇಲೆ ದ್ರಾಕ್ಷಾರಸದ ಲೋಟ ಹಿಡಿದು ಕಿದ್ದುಶ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಭಾರತದ ಯಹೂದಿಗಳು ದ್ರಾಕ್ಷಾರಸ ಸಿಗದ ಕಡೆ ಒಣದ್ರಾಕ್ಷಿ ನೆನೆಸಿ, ಕಿವುಚಿ, ಸೋಸಿ ಶರಬತ್ತು ಮಾಡಿಕೊಂಡರು. ಇಂದಿಗೂ ಅದೇ ರೂಢಿ ಇರುವ ಮನೆಗಳಿವೆ.

ಈಗ ಆ ಹಳೆಯ ಪ್ರಶ್ನೆ: ಕೆಲಸ ಅಂದರೆ ಯಾವುದು? ಮಿಶ್ನಾ 'ನಲವತ್ತಕ್ಕೆ ಒಂದು ಕಡಿಮೆ' ಅಂತ 39 ಬಗೆ ಪಟ್ಟಿ ಮಾಡುತ್ತದೆ. ಉಳುವುದು, ಬಿತ್ತುವುದು, ಕೊಯ್ಯುವುದು, ಹಿಟ್ಟು ನಾದುವುದು, ಬೇಯಿಸುವುದು, ನೇಯುವುದು, ಗಂಟು ಹಾಕುವುದು, ಬಿಚ್ಚುವುದು, ಬರೆಯುವುದು, ಅಳಿಸುವುದು, ಬೆಂಕಿ ಹಚ್ಚುವುದು, ಆರಿಸುವುದು. ಮರುಭೂಮಿಯಲ್ಲಿ ದೇವರ ಗುಡಾರ ಕಟ್ಟಲು ಬೇಕಾಗಿದ್ದ ಕೆಲಸಗಳು ಇವು ಅನ್ನುವುದು ರಬ್ಬಿಗಳ ವಿವರಣೆ. ಗಮನಿಸಿ, ಇಲ್ಲಿ ಮುಖ್ಯ ಆಯಾಸ ಅಲ್ಲ. ಭಾರದ ಕುರ್ಚಿಯನ್ನು ಮನೆಯೊಳಗೆ ಆಚೀಚೆ ಎಳೆದರೆ ಬೆವರು ಬರಬಹುದು, ಅದು ನಿಷೇಧದಲ್ಲಿಲ್ಲ. ಎರಡು ಅಕ್ಷರ ಬರೆದರೆ ಬೆವರು ಬರುವುದಿಲ್ಲ, ಆದರೆ ಅದು ನಿಷೇಧ. ಹೊಸದನ್ನು ಮಾಡುವುದು, ಇರುವುದನ್ನು ಬದಲಿಸುವುದು, ಅದನ್ನು ಒಂದು ದಿನ ಬಿಡು ಅನ್ನುವುದು ಲೆಕ್ಕ.

ಕರೆಂಟು ಬಂದ ಮೇಲೆ ಹೊಸ ತಕರಾರು ಹುಟ್ಟಿತು. ಸ್ವಿಚ್ಚು ಒತ್ತಿದರೆ ಬೆಂಕಿ ಹಚ್ಚಿದಂತೆಯೇ? ಸಂಪ್ರದಾಯಸ್ಥರು ಒತ್ತುವುದಿಲ್ಲ. ದೀಪಗಳಿಗೆ ಮೊದಲೇ ಟೈಮರ್ ಇಟ್ಟಿರುತ್ತಾರೆ. ಶನಿವಾರ ನಾನಿದ್ದ ಹೋಟೆಲಿನ ಒಂದು ಲಿಫ್ಟು ತಾನಾಗೇ ಪ್ರತಿ ಮಹಡಿಯಲ್ಲೂ ನಿಂತು, ಬಾಗಿಲು ತೆಗೆದು, ಮುಚ್ಚಿ, ಮುಂದಕ್ಕೆ ಹೋಗುತ್ತಿತ್ತು. ಕೆಟ್ಟಿದೆ ಅಂದುಕೊಂಡೆ. ಒಂಬತ್ತನೇ ಮಹಡಿ ತಲುಪುವಷ್ಟರಲ್ಲಿ ಕಾರಣ ಹೊಳೆಯಿತು: ಯಾರೂ ಗುಂಡಿ ಒತ್ತಬೇಕಿಲ್ಲ. ಅಡುಗೆಯೂ ಹೀಗೇ. ಶುಕ್ರವಾರವೇ ಮಾಂಸ, ಕಾಳು, ಆಲೂಗಡ್ಡೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟುಬಿಡುತ್ತಾರೆ. ರಾತ್ರಿಯಿಡೀ ಬೆಂದು ಶನಿವಾರ ಮಧ್ಯಾಹ್ನಕ್ಕೆ ಊಟ ಸಿದ್ಧ.

ಜೀವಕ್ಕೆ ಅಪಾಯ ಬಂದರೆ ಈ ಯಾವ ನಿಯಮವೂ ಇಲ್ಲ. ಆಸ್ಪತ್ರೆಗೆ ಕಾರು ಓಡಿಸಬಹುದು, ಫೋನ್ ಮಾಡಬಹುದು. ಮಾಡಬಹುದು ಅಲ್ಲ, ಮಾಡಲೇಬೇಕು ಅನ್ನುತ್ತದೆ ಅವರ ಶಾಸ್ತ್ರ. ಇನ್ನು, ಎಲ್ಲ ಯಹೂದಿಗಳೂ ಇಷ್ಟು ಕಟ್ಟುನಿಟ್ಟಲ್ಲ. ನಮ್ಮ ಟೆಲ್ ಅವೀವ್ ತಂಡದ ಹಲವರು ಶನಿವಾರ ಸಮುದ್ರದಂಡೆಯಲ್ಲಿರುತ್ತಾರೆ. ಆದರೆ ಶುಕ್ರವಾರ ರಾತ್ರಿ ಅಪ್ಪ ಅಮ್ಮನ ಮನೆಯ ಊಟ ಅವರಿಗೂ ತಪ್ಪುವುದಿಲ್ಲ.

ತಿಂಗಳು: ಬೆಟ್ಟದ ಮೇಲಿನ ಬೆಂಕಿ

ಅವರ ತಿಂಗಳು ಚಾಂದ್ರಮಾನ. ಅಮಾವಾಸ್ಯೆ ಕಳೆದು ಎಳೆ ಚಂದ್ರ ಕಾಣುವ ಹೊತ್ತಿಗೆ ತಿಂಗಳು ಶುರು. ಹದಿನೈದನೇ ದಿನಕ್ಕೆ ಹುಣ್ಣಿಮೆ. ಕರ್ನಾಟಕದಲ್ಲಿ ನಾವು ಎಣಿಸುವುದೂ ಹೀಗೇ, ಅಮಾವಾಸ್ಯೆಗೆ ತಿಂಗಳು ಮುಗಿಸಿ ಪಾಡ್ಯಕ್ಕೆ ಹೊಸದು. ಹಾಗಾಗಿ ಅವರ ನಿಸಾನ್ ತಿಂಗಳ ಒಂದನೇ ದಿನ ಹೆಚ್ಚುಕಡಿಮೆ ನಮ್ಮ ಯುಗಾದಿ. 2024ರಲ್ಲಿ ಎರಡೂ ಏಪ್ರಿಲ್ 9. 2025ರಲ್ಲಿ ಎರಡೂ ಮಾರ್ಚ್ 30. ಕೆಲವು ವರ್ಷ ಒಂದೆರಡು ದಿನ, ಅಪರೂಪಕ್ಕೆ ಒಂದು ತಿಂಗಳು ಆಚೀಚೆ ಆಗುತ್ತದೆ. ಇಬ್ಬರೂ ನೋಡುತ್ತಿರುವುದು ಒಂದೇ ಚಂದ್ರನನ್ನು, ಅಷ್ಟೇ. ನಿಸಾನ್, ತಿಶ್ರಿ, ಅದಾರ್ ಎಂಬ ಹೆಸರುಗಳು ಬ್ಯಾಬಿಲೋನಿನಿಂದ ಬಂದವು. ಸೆರೆಯಾಳುಗಳಾಗಿ ಹೋದವರು ವಾಪಸ್ಸು ಬರುವಾಗ ತಿಂಗಳ ಹೆಸರು ತಂದರು.

ಮೊದಲೆಲ್ಲ ಚಂದ್ರನನ್ನು ಕಣ್ಣಾರೆ ಕಂಡವರು ಜೆರುಸಲೇಮಿನ ಪಂಡಿತರ ಸಭೆಗೆ ಬಂದು ಸಾಕ್ಷಿ ಹೇಳಬೇಕಿತ್ತು. ಎಲ್ಲಿ ಕಂಡಿತು, ಎಷ್ಟು ಎತ್ತರ, ಕೋಡು ಯಾವ ಕಡೆಗೆ, ಎಲ್ಲ ವಿಚಾರಿಸಿ ಆಮೇಲೆ 'ತಿಂಗಳು ಶುರು' ಅಂತ ಸಾರುತ್ತಿದ್ದರು. ಸುದ್ದಿ ದೂರದ ಊರಿಗೆ ಮುಟ್ಟಿಸಲು ಬೆಟ್ಟದಿಂದ ಬೆಟ್ಟಕ್ಕೆ ಪಂಜು ಬೀಸುತ್ತಿದ್ದರು. ವಿರೋಧಿಗಳು ಬೇಕಂತಲೇ ತಪ್ಪು ದಿನ ಬೆಂಕಿ ಹಚ್ಚಿ ಗಲಿಬಿಲಿ ಮಾಡಿದ ಮೇಲೆ ಓಲೆಕಾರರನ್ನು ಕಳಿಸಲು ಶುರು ಮಾಡಿದರು ಎಂದು ಮಿಶ್ನಾ ಹೇಳುತ್ತದೆ.

ಓಲೆಕಾರ ಹಬ್ಬಕ್ಕೆ ಮುಂಚೆ ತಲುಪದ ಊರಿನವರು ಏನು ಮಾಡಬೇಕು? ತಿಂಗಳು ಶುರುವಾದದ್ದು ಇವತ್ತೋ ನಾಳೆಯೋ ಗೊತ್ತಿಲ್ಲ. ಯಾವುದಕ್ಕೂ ಇರಲಿ ಅಂತ ಹಬ್ಬವನ್ನು ಎರಡು ದಿನ ಮಾಡಿದರು. ಈಗ ಅನುಮಾನ ಇಲ್ಲ, ಲೆಕ್ಕ ಖಚಿತ. ಆದರೂ ಇಸ್ರೇಲಿನ ಹೊರಗಿನ ಸಂಪ್ರದಾಯಸ್ಥರು ಆ ಎರಡನೇ ದಿನವನ್ನು ಬಿಟ್ಟಿಲ್ಲ. ಪಸ್ಕ ಇಸ್ರೇಲಿನಲ್ಲಿ ಏಳು ದಿನ, ನ್ಯೂಯಾರ್ಕಿನಲ್ಲಿ ಎಂಟು. ಯೋಮ್ ಕಿಪ್ಪುರ್ ಮಾತ್ರ ಎಲ್ಲ ಕಡೆ ಒಂದೇ ದಿನ. ನೀರೂ ಇಲ್ಲದ ಉಪವಾಸವನ್ನು ಎರಡು ದಿನ ಮಾಡಲಾಗುತ್ತದೆಯೇ!

ಸಾಕ್ಷಿ ಕೇಳುವ ಪದ್ಧತಿ ಬಿಟ್ಟು ಲೆಕ್ಕದ ಪಂಚಾಂಗವನ್ನು ಎಲ್ಲರಿಗೂ ಕೊಟ್ಟವನು ಎರಡನೇ ಹಿಲ್ಲೆಲ್ ಎಂಬ ನಾಯಕ, ಅದು ಕ್ರಿ.ಶ. 4ನೇ ಶತಮಾನದಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಅಲ್ಲಿಂದ ಮುಂದೆ ಯಹೂದಿ ಎಲ್ಲಿದ್ದರೂ ಸರಿ, ಲೆಕ್ಕ ಬಂದರೆ ಹಬ್ಬ ತಪ್ಪುವುದಿಲ್ಲ.

ಹನ್ನೊಂದು ದಿನದ ತಲೆನೋವು

ಈಗ ಮೊದಲಿನ ಒಗಟಿಗೆ ಬರೋಣ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷ 365 ದಿನ. ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಸುಮ್ಮನೆ ಬಿಟ್ಟರೆ ಹಬ್ಬಗಳು ವರ್ಷವರ್ಷವೂ ಹಿಂದಕ್ಕೆ ಜಾರುತ್ತವೆ. ಮುಸ್ಲಿಮರ ಪಂಚಾಂಗ ಹಾಗೇ ಬಿಟ್ಟಿದೆ. ಅದಕ್ಕೇ ರಂಜಾನ್ ಒಮ್ಮೆ ಬೇಸಿಗೆಗೆ, ಒಮ್ಮೆ ಮಳೆಗಾಲಕ್ಕೆ, ಒಮ್ಮೆ ಚಳಿಗಾಲಕ್ಕೆ ಬರುತ್ತದೆ.

ಯಹೂದಿಗಳು ಹಾಗೆ ಬಿಡುವಂತಿರಲಿಲ್ಲ. ಪಸ್ಕ ಹಬ್ಬವನ್ನು 'ಅವೀವ್' ತಿಂಗಳಲ್ಲಿ ಮಾಡಬೇಕು ಎಂದು ತೋರಾ ಹೇಳಿಬಿಟ್ಟಿದೆ. ಅವೀವ್ ಅಂದರೆ ಜವೆಗೋಧಿ ತೆನೆ ಬಲಿಯುವ ಕಾಲ, ವಸಂತ. ಟೆಲ್ ಅವೀವ್ ಅನ್ನುವ ಊರಿನ ಹೆಸರಲ್ಲಿ ಇರುವುದೂ ಈ ಅವೀವೇ. ತಿಂಗಳು ಚಂದ್ರನದ್ದು, ಋತು ಸೂರ್ಯನದ್ದು. ಎರಡನ್ನೂ ಕಟ್ಟಿಹಾಕಬೇಕು. ದಾರಿ ಒಂದೇ: ಆಗಾಗ ಒಂದು ತಿಂಗಳು ಜಾಸ್ತಿ ಸೇರಿಸುವುದು.

ನಮ್ಮವರು ಹಿಡಿದದ್ದೂ ಅದೇ ದಾರಿ, ಆದರೆ ನಿಯಮ ಬೇರೆ. ಸಂಕ್ರಮಣವೇ ಬೀಳದ ಚಾಂದ್ರಮಾಸ ನಮಗೆ ಅಧಿಕಮಾಸ. ಹಾಗಾಗಿ ಅದು ಒಮ್ಮೆ ಶ್ರಾವಣಕ್ಕೆ, ಒಮ್ಮೆ ಜ್ಯೇಷ್ಠಕ್ಕೆ ಬರುತ್ತದೆ. ಅವರದ್ದು 19 ವರ್ಷದ ಚಕ್ರ. ವರ್ಷಕ್ಕೆ 11 ದಿನ ಅಂದರೆ 19 ವರ್ಷಕ್ಕೆ 209 ದಿನ, ಹೆಚ್ಚುಕಡಿಮೆ ಏಳು ತಿಂಗಳು. ಆ ಏಳನ್ನು ಚಕ್ರದ 3, 6, 8, 11, 14, 17 ಮತ್ತು 19ನೇ ವರ್ಷಗಳಿಗೆ ಹಂಚಿದ್ದಾರೆ. ಸೇರಿಸುವ ಜಾಗವೂ ಖಾಯಂ: ಚಳಿಗಾಲದ ಕೊನೆಯಲ್ಲಿ, ಅದಾರ್ ತಿಂಗಳ ಹತ್ತಿರ. ಆ ವರ್ಷ ಮೊದಲನೇ ಅದಾರ್, ಎರಡನೇ ಅದಾರ್ ಅಂತ ಎರಡು ತಿಂಗಳು.

ಈ ಎರಡು ನಿಯಮವನ್ನು ಪಕ್ಕಪಕ್ಕ ಇಟ್ಟು ನೋಡಿ. 2023ರಲ್ಲಿ ನಮಗೆ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಬಂತು. ದಸರಾ ಒಂದು ತಿಂಗಳು ಮುಂದಕ್ಕೆ ಹೋಯಿತು. ಅವರು ಇನ್ನೂ ಸೇರಿಸಿರಲಿಲ್ಲ, ಯೋಮ್ ಕಿಪ್ಪುರ್ ಸೆಪ್ಟೆಂಬರಿಗೇ ಬಂತು. ಅವರು ಸೇರಿಸಿದ್ದು 2024ರ ಫೆಬ್ರುವರಿಯಲ್ಲಿ. ಸೇರಿಸಿದ ಕೂಡಲೇ ಎರಡೂ ಪಂಚಾಂಗ ಮತ್ತೆ ಜೊತೆಯಾದವು. ಅದಕ್ಕೇ 2024 ಮತ್ತು 2025ರಲ್ಲಿ ವಿಜಯದಶಮಿಯೂ ಯೋಮ್ ಕಿಪ್ಪುರ್ ಕೂಡ ಒಂದೇ ದಿನ. 2026ರಲ್ಲಿ ಮೇ 17ರಿಂದ ನಮಗೆ ಅಧಿಕ ಜ್ಯೇಷ್ಠ, ಅವರಿಗೆ ಹೆಚ್ಚಿನ ಅದಾರ್ ಬರುವುದು 2027ರ ಫೆಬ್ರುವರಿಗೆ. ನಡುವೆ ಬರುವ ಹಬ್ಬಗಳಲ್ಲಿ ಮತ್ತೆ ತಿಂಗಳ ಅಂತರ.

ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ನಮ್ಮಲ್ಲಿ ಅಧಿಕಮಾಸದಲ್ಲಿ ಮದುವೆ, ಗೃಹಪ್ರವೇಶ ಇಲ್ಲ. ಅಳಿಯನಿಗೆ 33 ಅಪೂಪ ದಾನ ಕೊಡುವುದು ಬೇರೆ ಮಾತು. ಅವರಿಗೆ ಆ ಮಡಿ ಇಲ್ಲ. ಅದಾರ್ ಅಂದರೆ ಸಂತೋಷದ ತಿಂಗಳು, ಎರಡು ಬಂದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ.

ಹುಣ್ಣಿಮೆ ರಾತ್ರಿಯ ಪಸ್ಕ

ಪಾಸೋವರ್, ಹೀಬ್ರೂವಿನಲ್ಲಿ ಪೆಸಹ್, ನಮ್ಮ ಬೈಬಲಿನಲ್ಲಿ ಪಸ್ಕ. ನಿಸಾನ್ 15ಕ್ಕೆ ಶುರು. ನಮ್ಮ ಲೆಕ್ಕದಲ್ಲಿ ಚೈತ್ರದ ಹುಣ್ಣಿಮೆಯ ಆಸುಪಾಸು. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರಾಯೇಲ್ಯರನ್ನು ಮೋಶೆ ಬಿಡಿಸಿಕೊಂಡು ಹೊರಟ ಕತೆ ಈ ಹಬ್ಬದ್ದು. ಹೊರಡುವ ಗಡಿಬಿಡಿಯಲ್ಲಿ ಹಿಟ್ಟು ಹುಳಿಬರಲು ಕಾಯಲಿಲ್ಲ, ಹಾಗೇ ಸುಟ್ಟುಕೊಂಡು ಹೋದರು. ಅದಕ್ಕೇ ಆ ವಾರವೆಲ್ಲ ಹುಳಿಯಿಲ್ಲದ ರೊಟ್ಟಿ, ಮತ್ಸಾ.

ಹುಳಿ ಅಂದರೆ ಇಲ್ಲಿ ಹುಣಸೆಹುಳಿ ಅಲ್ಲ, ದೋಸೆ ಹಿಟ್ಟು ಉಬ್ಬುತ್ತದಲ್ಲ, ಆ ಹುಳಿ. ಗೋಧಿ, ಜವೆಗೋಧಿಯಂಥ ಐದು ಧಾನ್ಯಗಳ ಹಿಟ್ಟಿಗೆ ನೀರು ತಾಗಿದ ಮೇಲೆ 18 ನಿಮಿಷ ಸುಮ್ಮನೆ ಬಿಟ್ಟರೆ ಅದು ಹುಳಿಬಂದ ಹಾಗೆ. ಅಷ್ಟರೊಳಗೆ ಕಲಸಿ, ಲಟ್ಟಿಸಿ, ಸುಟ್ಟು ಮುಗಿಸಬೇಕು. ಮತ್ಸಾ ನೋಡಲು ದೊಡ್ಡ ಹಪ್ಪಳದ ಹಾಗೆ, ಮೇಲೆ ಸಾಲುಸಾಲು ತೂತು. ರುಚಿ? ಉಪ್ಪಿಲ್ಲದ ಖಾಖ್ರಾ ಅನ್ನಬಹುದು. ಮೂರನೇ ದಿನಕ್ಕೆ ಅವರೇ ಗೊಣಗುತ್ತಾರೆ.

ಹಬ್ಬಕ್ಕೆ ಮುಂಚೆ ಮನೆಯಲ್ಲಿ ಬ್ರೆಡ್ಡಿನ ಒಂದು ಚೂರೂ ಉಳಿಯಬಾರದು. ಸೋಫಾದ ಸಂದಿ, ಮಕ್ಕಳ ಜೇಬು, ಕಾರಿನ ಸೀಟು ಎಲ್ಲ ಗುಡಿಸುತ್ತಾರೆ. ಹಿಂದಿನ ರಾತ್ರಿ ಮೇಣದಬತ್ತಿ ಹಿಡಿದು, ಹಕ್ಕಿಯ ಗರಿಯಿಂದ ಮೂಲೆಮೂಲೆ ಹುಡುಕಿ, ಸಿಕ್ಕಿದ್ದನ್ನು ಬೆಳಿಗ್ಗೆ ಸುಡುತ್ತಾರೆ. ಅಕ್ಕಿಯ ವಿಷಯದಲ್ಲಿ ಜಗಳ ಇದೆ. ಯುರೋಪಿನ ಯಹೂದಿಗಳ ಸಂಪ್ರದಾಯದಲ್ಲಿ ಆ ವಾರ ಅನ್ನ, ಬೇಳೆಕಾಳು ವರ್ಜ್ಯ. ಕೇರಳ, ಕೊಂಕಣದ ಯಹೂದಿಗಳು ಅನ್ನ ಉಣ್ಣುತ್ತಾರೆ.

ಮೊದಲ ರಾತ್ರಿಯ ಊಟಕ್ಕೆ ಸೇದರ್ ಅಂತ ಹೆಸರು. ಹಾಗೆಂದರೆ ಕ್ರಮ. ತಟ್ಟೆಯಲ್ಲಿ ಒಂದೊಂದಕ್ಕೂ ಒಂದು ಅರ್ಥ. ಕಹಿ ಸೊಪ್ಪು ಗುಲಾಮಗಿರಿಯ ಕಹಿಗೆ. ಉಪ್ಪುನೀರು ಕಣ್ಣೀರಿಗೆ. ಹಣ್ಣು ಬೀಜ ಅರೆದ ಸಿಹಿ ಮುದ್ದೆ ಅವರು ಇಟ್ಟಿಗೆಗೆ ಕಲಸುತ್ತಿದ್ದ ಮಣ್ಣಿಗೆ. ಹೆಚ್ಚಿನ ವರ್ಷಗಳಲ್ಲಿ ನಾವು ಬೇವು ಬೆಲ್ಲ ತಿಂದು ಹದಿನೈದು ದಿನದ ಹೊತ್ತಿಗೆ ಅವರು ಕಹಿ ಸೊಪ್ಪನ್ನು ಸಿಹಿ ಮುದ್ದೆಯಲ್ಲಿ ಅದ್ದಿ ತಿನ್ನುತ್ತಾರೆ. ಅರ್ಥ ಬೇರೆ ಬೇರೆ, ಆದರೆ ಕಹಿಯನ್ನು ಮಾತಲ್ಲಿ ಹೇಳದೆ ನಾಲಿಗೆಗೇ ಇಡುವುದು ಎರಡೂ ಕಡೆ ಇದೆ.

ಊಟ ಶುರುವಾಗುವುದು ಮನೆಯ ಚಿಕ್ಕ ಮಗುವಿನ ಪ್ರಶ್ನೆಯಿಂದ. ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ? ಬೇರೆ ದಿನ ಎಂಥ ರೊಟ್ಟಿಯಾದರೂ ನಡೆಯುತ್ತದೆ, ಇವತ್ತು ಮತ್ಸಾ ಮಾತ್ರ ಯಾಕೆ? ಹಿರಿಯರು ಉತ್ತರವಾಗಿ ಇಡೀ ಕತೆ ಹೇಳುತ್ತಾರೆ. ಮಗು ಇಲ್ಲದಿದ್ದರೆ ಹೆಂಡತಿ ಕೇಳಬೇಕು. ಒಬ್ಬನೇ ಇದ್ದರೆ ತನ್ನನ್ನೇ ತಾನು ಕೇಳಿಕೊಳ್ಳಬೇಕು. ಪ್ರಶ್ನೆ ಇಲ್ಲದೆ ಕತೆ ಶುರು ಮಾಡುವಂತಿಲ್ಲ.

ತಿಶ್ರಿ: ರಜೆಯ ಮೇಲೆ ರಜೆ

ನಿಸಾನ್ ಮೊದಲನೇ ತಿಂಗಳು. ಆದರೆ ವರ್ಷದ ಸಂಖ್ಯೆ ಬದಲಾಗುವುದು ಏಳನೇ ತಿಂಗಳಾದ ತಿಶ್ರಿಯಲ್ಲಿ. ವಿಚಿತ್ರ ಅನ್ನಿಸಿದರೆ ನಮ್ಮನ್ನೇ ನೋಡಿಕೊಳ್ಳಿ. ಕ್ಯಾಲೆಂಡರಿಗೆ ಜನವರಿ, ತೆರಿಗೆಗೆ ಏಪ್ರಿಲ್, ಶಾಲೆಗೆ ಜೂನ್. ತಿಶ್ರಿ 1 ರೋಶ್ ಹಶಾನಾ, ಹೊಸ ವರ್ಷ. ಸೃಷ್ಟಿಯಿಂದ ಎಣಿಸುವ ಅವರ ಲೆಕ್ಕದಲ್ಲಿ 2025ರ ಸೆಪ್ಟೆಂಬರಿಗೆ 5786 ಶುರುವಾಯಿತು. ಟಗರಿನ ಕೊಂಬು ಊದುತ್ತಾರೆ, ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ.

ಅಲ್ಲಿಂದ ಹತ್ತನೇ ದಿನ ಯೋಮ್ ಕಿಪ್ಪುರ್, ಪ್ರಾಯಶ್ಚಿತ್ತದ ದಿನ. ಸುಮಾರು 25 ಗಂಟೆ ಅನ್ನ ನೀರು ಇಲ್ಲ. ಚರ್ಮದ ಚಪ್ಪಲಿ ಇಲ್ಲ. ಇಸ್ರೇಲಿನಲ್ಲಿ ವಿಮಾನ ನಿಲ್ದಾಣ ಮುಚ್ಚುತ್ತದೆ, ಟಿವಿ ಪ್ರಸಾರ ನಿಲ್ಲುತ್ತದೆ. ಖಾಲಿ ಹೆದ್ದಾರಿಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ. 1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ದಾಳಿ ಮಾಡಿದ್ದು ಈ ದಿನವೇ. ಯೋಮ್ ಕಿಪ್ಪುರ್ ಯುದ್ಧ ಎಂಬ ಹೆಸರು ಬಂದದ್ದು ಹಾಗೆ. ಇನ್ನೊಂದು ಸೂಕ್ಷ್ಮ: ಈ ದಿನ ಶುಕ್ರವಾರವೋ ಭಾನುವಾರವೋ ಬಂದರೆ ಶಬ್ಬಾತ್ ಸೇರಿ ಎರಡು ದಿನ ಸತತವಾಗಿ ಒಲೆ ಹಚ್ಚುವಂತಿಲ್ಲ. ಹಾಗಾಗದಂತೆ ಪಂಚಾಂಗದಲ್ಲೇ ಹೊಸ ವರ್ಷವನ್ನು ಒಂದೆರಡು ದಿನ ಮುಂದಕ್ಕೆ ತಳ್ಳುವ ನಿಯಮ ಇದೆ. ತಿಥಿ ಒಂದೆರಡು ದಿನ ಆಚೀಚೆ ಆಗುವುದಕ್ಕೆ ಇದೂ ಒಂದು ಕಾರಣ.

ಈ ದಿನ ದೇವರ ಹತ್ತಿರ ಕ್ಷಮೆ ಕೇಳಿದರೆ ಎಲ್ಲ ಮುಗಿಯಿತು ಅಂತಲ್ಲ. ಮನುಷ್ಯ ದೇವರಿಗೆ ಮಾಡಿದ ತಪ್ಪಿಗೆ ಯೋಮ್ ಕಿಪ್ಪುರ್ ಸಾಕು, ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪಿಗೆ ಸಾಲದು, ಆ ಮನುಷ್ಯನನ್ನೇ ಸಮಾಧಾನ ಮಾಡಬೇಕು ಎಂದು ಮಿಶ್ನಾ ಹೇಳುತ್ತದೆ. ಒಂದು ವರ್ಷ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಲ್ಲಿನ ಸಹೋದ್ಯೋಗಿಯೊಬ್ಬರು ನನಗೆ ಬರೆದಿದ್ದರು: "ಮಾರ್ಚಿನ ಆ ಮೀಟಿಂಗಿನಲ್ಲಿ ನಾನು ಆಡಿದ ಮಾತು ಸರಿಯಿರಲಿಲ್ಲ. ಕ್ಷಮಿಸಿ." ನನಗೆ ಮರೆತೇ ಹೋಗಿತ್ತು. ಅವರಿಗೆ ಮರೆತಿರಲಿಲ್ಲ. ನಮ್ಮ ಜೈನರ ಕ್ಷಮಾವಣಿ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ.

ಐದು ದಿನ ಬಿಟ್ಟು ಹುಣ್ಣಿಮೆಗೆ ಸುಕ್ಕೋತ್, ಚಪ್ಪರದ ಹಬ್ಬ. ಈಜಿಪ್ಟಿನಿಂದ ಬರುವಾಗ ಮರುಭೂಮಿಯಲ್ಲಿ ಗುಡಿಸಲಲ್ಲಿ ಇದ್ದ ನೆನಪು, ಜೊತೆಗೆ ಸುಗ್ಗಿಯ ಖುಷಿ. ಅಂಗಳದಲ್ಲೋ ಬಾಲ್ಕನಿಯಲ್ಲೋ ಚಪ್ಪರ ಹಾಕಿ ಏಳು ದಿನ ಅಲ್ಲೇ ಊಟ. ಮೇಲೆ ಸೊಪ್ಪು, ಗರಿ ಹೊದಿಸಬೇಕು, ಸಂದಿಯಲ್ಲಿ ನಕ್ಷತ್ರ ಕಾಣಬೇಕು. ಕೈಯಲ್ಲಿ ಖರ್ಜೂರದ ಸುಳಿ ಮತ್ತು ಮಾದಳ ಹಣ್ಣು ಹಿಡಿದು ಪ್ರಾರ್ಥಿಸುತ್ತಾರೆ. ಪಂಚಾಂಗಗಳು ಜೊತೆಯಾಗಿರುವ ವರ್ಷ ಇದು ನಮ್ಮ ಶೀಗೆ ಹುಣ್ಣಿಮೆಯ ಹೊತ್ತು. ನಮ್ಮ ರೈತರು ಹೊಲದಲ್ಲಿ ಚರಗ ಚೆಲ್ಲುವ ಚಂದ್ರನ ಕೆಳಗೆ ಅವರು ಚಪ್ಪರದಲ್ಲಿ ಊಟಕ್ಕೆ ಕೂತಿರುತ್ತಾರೆ.

ಹನುಕ್ಕಾ ಮತ್ತು ಪೂರಿಮ್ ಇದರ ಮುಂದೆ ಚಿಕ್ಕ ಹಬ್ಬಗಳು. ಹನುಕ್ಕಾ ಬರುವುದು ಡಿಸೆಂಬರ್ ಸುಮಾರಿಗೆ. ಕ್ರಿ.ಪೂ. 164ರಲ್ಲಿ ಗ್ರೀಕ್ ದೊರೆಯಿಂದ ದೇವಾಲಯ ಬಿಡಿಸಿಕೊಂಡಾಗ ಒಂದು ದಿನದ ಎಣ್ಣೆ ಎಂಟು ದಿನ ಉರಿಯಿತು ಎಂಬ ಕತೆ. ಅದಕ್ಕೇ ಎಂಟು ದಿನ ದೀಪ, ಎಣ್ಣೆಯಲ್ಲಿ ಕರಿದ ತಿಂಡಿ. ಪೂರಿಮ್ ಹೋಳಿಯ ಆಸುಪಾಸಿಗೆ. ವೇಷ, ಗದ್ದಲ, ಕುಡಿತ. ಆ ದಿನ ಓದುವ ಎಸ್ತೇರಳ ಕತೆಯ ಮೊದಲ ಸಾಲಲ್ಲೇ 'ಹೋದು' ಅಂತ ಒಂದು ದೇಶ ಬರುತ್ತದೆ. ಅದು ನಾವೇ. ಹೀಬ್ರೂವಿನಲ್ಲಿ ಇಂಡಿಯಾಕ್ಕೆ ಇಂದಿಗೂ ಅದೇ ಹೆಸರು.

ಶನಿವಾರದ ಗಾಣಿಗರು, ಮಂಗಳೂರಿನ ವ್ಯಾಪಾರಿ

ಕೊಂಕಣದ ಅಲಿಬಾಗ್ ಸುತ್ತಿನ ಹಳ್ಳಿಗಳಲ್ಲಿ ಎಣ್ಣೆ ತೆಗೆಯುವ ಒಂದು ಜನ ಇದ್ದರು. ಮರಾಠಿ ಆಡುತ್ತಿದ್ದರು. ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲ. ಊರಿನವರು ಅವರನ್ನು 'ಶನಿವಾರ ತೇಲಿ' ಅಂದರು, ಅಂದರೆ ಶನಿವಾರದ ಗಾಣಿಗರು. ಅವರೇ ಬೆನೆ ಇಸ್ರೇಲ್ ಯಹೂದಿಗಳು. ಯೋಮ್ ಕಿಪ್ಪುರ್‌ಗೆ ಅವರ ಮರಾಠಿ ಹೆಸರಿನ ಅರ್ಥ 'ಬಾಗಿಲು ಮುಚ್ಚುವ ಹಬ್ಬ'. ಹರಕೆ ತೀರಿದಾಗ, ಮದುವೆಗೆ ಮುಂಚೆ ಅವರು ಮಾಡುವ ಮಲೀದಾ ಅಂದರೆ ಅವಲಕ್ಕಿಗೆ ಬೆಲ್ಲ ಅಥವಾ ಸಕ್ಕರೆ, ತೆಂಗಿನತುರಿ ಕಲಸಿದ್ದು, ಸುತ್ತ ಹಣ್ಣು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರ ಯಹೂದಿ ಸ್ಮಶಾನ ಈಗಲೂ ಇದೆ. ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು.

ಅದಕ್ಕೂ ಬಹಳ ಹಿಂದೆ, 12ನೇ ಶತಮಾನದಲ್ಲಿ, ಅಂದರೆ ಬಸವಣ್ಣನವರ ಶತಮಾನದಲ್ಲೇ, ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಟ್ಯುನೀಸಿಯಾ ಕಡೆಯವನು. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ, ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. 1132ರ ಅಕ್ಟೋಬರಿನಲ್ಲಿ ಅಶು ಎಂಬ ಇಲ್ಲಿಯ ದಾಸಿಯನ್ನು ದಾಸ್ಯದಿಂದ ಬಿಡಿಸಿದ ಪತ್ರ ಸಿಕ್ಕಿದೆ. ಅವಳನ್ನೇ ಅವನು ಮದುವೆಯಾದ ಎಂದು ವಿದ್ವಾಂಸರು ಹೇಳುತ್ತಾರೆ. ಅವನ ವ್ಯಾಪಾರಕ್ಕೆ ಏಡನ್‌ವರೆಗೆ ಹೋಗಿಬರುತ್ತಿದ್ದ ಆಳಿನ ಹೆಸರನ್ನು 'ಬೊಮ್ಮ' ಎಂದು ಓದುತ್ತಾರೆ. ಬೆಟ್ಟದ ಬೆಂಕಿಯಾಗಲಿ ಓಲೆಕಾರನಾಗಲಿ ಮುಟ್ಟದ ದೂರದ ಊರು ಇದು. ಆದರೆ ಅಷ್ಟು ಹೊತ್ತಿಗೆ ಪಂಚಾಂಗ ಲೆಕ್ಕದ್ದಾಗಿತ್ತು.

ಇಷ್ಟೆಲ್ಲ ನಮಗೆ ಗೊತ್ತಾದದ್ದು ಯಹೂದಿಗಳ ಇನ್ನೊಂದು ಪದ್ಧತಿಯಿಂದ. ದೇವರ ಹೆಸರು ಬರೆದ ಕಾಗದವನ್ನು ಅವರು ಬಿಸಾಡುವುದಿಲ್ಲ. ಗೆನಿಜಾ ಎಂಬ ಕೋಣೆಯಲ್ಲಿ ಹಾಕಿಡುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗಿನವರು ಹೀಬ್ರೂ ಅಕ್ಷರದ ಯಾವ ಚೀಟಿಯನ್ನೂ ಬಿಡದೆ ನೂರಾರು ವರ್ಷ ತುಂಬಿಸಿದರು. 19ನೇ ಶತಮಾನದ ಕೊನೆಗೆ ಅದನ್ನು ತೆಗೆದಾಗ ಲಕ್ಷಗಟ್ಟಲೆ ಚೂರುಗಳು ಸಿಕ್ಕವು. ಬೆನ್ ಯಿಜು 1149ರಲ್ಲಿ ಮಂಗಳೂರು ಬಿಟ್ಟ, ಅವನ ಕಾಗದಗಳು ಕೊನೆಗೆ ಆ ಕೋಣೆ ಸೇರಿದ್ದವು. ಇಲ್ಲಿ ಕಾಗದದ ಬರ ಇದ್ದುದರಿಂದ ಬಂದ ಪತ್ರದ ಖಾಲಿ ಜಾಗದಲ್ಲೇ ಅವನು ಲೆಕ್ಕ ಬರೆಯುತ್ತಿದ್ದ. ಏಡನ್‌ನ ಗೆಳೆಯರು ಹಡಗಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದ ಉಡುಗೊರೆಗಳ ವಿವರ ಆ ಪತ್ರಗಳಲ್ಲಿದೆ: ಸಕ್ಕರೆ, ಬರೆಯಲು ಕಾಗದ, ಒಣದ್ರಾಕ್ಷಿ.